ಎರಡನೆಯ ಸಲ ಓದುವ ಪುಸ್ತಕ

ಆಲಮಟ್ಟಿಯಲ್ಲಿ ನಡೆದ ನಮ್ಮ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಆಡಳಿತ ಸಮಿತಿಯ ಪರವಾಗಿ ಮಾಡಿದ ಭಾಷಣ

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.

 

ಲೆಕ್ಕಪತ್ರ ಓದಿದ್ದಾಯಿತು. ಯಾರಿಗೆ ಎಷ್ಟು ಫೀಸು ಕಟ್ಟಿದೆವು, ಹಾಸ್ಟೆಲಿಗೆ ಎಷ್ಟು, ಬಸ್ ಪಾಸಿಗೆ ಎಷ್ಟು ಎಂಬುದೆಲ್ಲ ವರದಿಯ ಹಿಂದಿನ ಪುಟಗಳಲ್ಲಿ ಅಚ್ಚಾಗಿದೆ. ಆ ಲೆಕ್ಕದಲ್ಲಿ ಕಾಣದ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಂಡು, ಅದರಿಂದ ನಾವು ಕಲಿತ ಪಾಠವನ್ನು ಹೇಳಿ, ಈ ವರ್ಷದಿಂದ ಮಾಡುತ್ತಿರುವ ಒಂದು ಸಣ್ಣ ಬದಲಾವಣೆಗೆ ನಿಮ್ಮ ಸಮ್ಮತಿ ಕೇಳಬೇಕಾಗಿದೆ. ವಿಷಯ ದೊಡ್ಡದಲ್ಲ. ಒಮ್ಮೆ ಓದಿದ ಪುಸ್ತಕವನ್ನು ಮತ್ತೆ ಓದುವ ವಿಷಯ.

ನಮ್ಮ ಟ್ರಸ್ಟಿನ ಪುಸ್ತಕ ಭಂಡಾರ ನಿಮಗೆಲ್ಲ ಗೊತ್ತು. ಜೂನ್ ತಿಂಗಳಲ್ಲಿ ಮಕ್ಕಳಿಗೆ ಪುಸ್ತಕ ಕೊಡುತ್ತೇವೆ, ಏಪ್ರಿಲ್‌ನಲ್ಲಿ ವಾಪಸು ಪಡೆಯುತ್ತೇವೆ. ಒಂದು ಪುಸ್ತಕ ನಾಲ್ಕೈದು ಮಕ್ಕಳಿಗೆ ಉಪಯೋಗವಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಹಿರಿಯರು ಆ ನಿಯಮ ಮಾಡಿದ್ದರು. ಪಠ್ಯಕ್ಕೆ ಪೂರಕವಾದ ಗೈಡುಗಳ ಜೊತೆಗೆ ಒಂದೊಂದು ಕಥೆ, ಕಾದಂಬರಿಯನ್ನೂ ಕೊಡುವ ರೂಢಿ ಇತ್ತು.

ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಗೈಡುಗಳನ್ನೆಲ್ಲ ನೀಟಾಗಿ ತಂದು ಕೊಟ್ಟಳು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮಾತ್ರ ತರಲಿಲ್ಲ. ಕೇಳಿದರೆ ಮನೆಯಲ್ಲಿದೆ ಎಂದಳು. ನಮ್ಮಲ್ಲೊಬ್ಬರು, “ಓದಿ ಮುಗಿಸೀದಿಯಲ್ಲ ಬೇಟಿ, ಮತ್ತ್ಯಾಕ ಇಟ್ಟಕೊಂಡಿ?” ಎಂದು ವಿಚಾರಿಸಿದರು. ಆಕೆ ತಲೆ ತಗ್ಗಿಸಿ, “ಮೂರು ಸಲ ಓದೀನಿ ಚಾಚಾ. ಇನ್ನೊಮ್ಮೆ ಓದೂದು ಅದ” ಎಂದಳು. ನಾವು ನಕ್ಕೆವು. ನಿಯಮ ಎಲ್ಲರಿಗೂ ಒಂದೇ, ಮುಂದಿನ ಮಗು ಕಾಯುತ್ತಿರುತ್ತದೆ ಎಂದು ಬುದ್ಧಿ ಹೇಳಿದೆವು. ಮರುದಿನ ಪುಸ್ತಕ ಬಂತು. ರಿಜಿಸ್ಟರಿನಲ್ಲಿ ಜಮಾ ಮಾಡಿಕೊಂಡೆವು.

ಮುಂದಿನ ಜೂನ್‌ನಲ್ಲಿ ಆಕೆ ಹತ್ತನೇ ತರಗತಿಯ ಗೈಡುಗಳನ್ನಷ್ಟೇ ತೆಗೆದುಕೊಂಡಳು. ಕಥೆ ಪುಸ್ತಕದ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಯಾಕಮ್ಮ ಎಂದು ಕೇಳಿದರೆ, “ತೊಗೊಂಡ್ರ ಮತ್ತ ಕೊಡಬೇಕಲ್ಲ” ಎಂದಳು.

ಈ ಮಾತು ನಮ್ಮ ಮನಸ್ಸಿಗೆ ತಾಗಿತು. ಆ ವರ್ಷದ ಕೊನೆಗೆ ರಿಜಿಸ್ಟರ್ ತೆಗೆದು ನೋಡಿದಾಗ ಇನ್ನೂ ನಾಚಿಕೆಯಾಯಿತು. ಆಕೆಯಿಂದ ವಾಪಸು ಪಡೆದ ಆ ‘ಕರ್ವಾಲೊ’ವನ್ನು ಇಡೀ ವರ್ಷ ಯಾರೂ ಒಯ್ದಿರಲಿಲ್ಲ. ಬರುವ ಮಗುವಿಗೆ ಬೇಕು ಎಂದು ಇರುವ ಮಗುವಿನ ಕೈಯಿಂದ ಕಿತ್ತುಕೊಂಡ ಪುಸ್ತಕ ನಮ್ಮ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕುಳಿತಿತ್ತು.

ಇದನ್ನು ಸಮಿತಿಯ ಮುಂದೆ ಇಟ್ಟಾಗ ಎರಡು ಮಾತು ಬಂದವು. ಒಬ್ಬರು, “ಓದಿದ್ದನ್ನೇ ಓದುವುದು ಕಾಲಹರಣ. ಅಷ್ಟು ಹೊತ್ತಿನಲ್ಲಿ ಹೊಸದೊಂದು ಓದಬಹುದು” ಎಂದರು. ಇನ್ನೊಬ್ಬ ಹಿರಿಯರು ನಿಧಾನವಾಗಿ ಕೇಳಿದರು: “ನಮ್ಮ ಮನೆಗಳಲ್ಲಿ ದಿನಾ ಬೆಳಿಗ್ಗೆ ಏನು ಮಾಡುತ್ತೇವೆ?”

ಆ ಪ್ರಶ್ನೆಗೆ ಉತ್ತರ ನಮಗೆಲ್ಲ ಗೊತ್ತಿರುವುದೇ. ಫಜರ್ ನಮಾಝಿನ ನಂತರ ಮನೆಯ ಹಿರಿಯರು ಬಟ್ಟೆಯ ಜುಜ್ದಾನ್ ಬಿಚ್ಚಿ ಕುರ್‌ಆನ್ ಷರೀಫ್ ತೆರೆಯುತ್ತಾರೆ. 30 ಪಾರಾ ಮುಗಿದರೆ ಓದು ಮುಗಿಯಿತು ಎಂದು ಯಾರೂ ಎತ್ತಿಡುವುದಿಲ್ಲ. ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ರಮಝಾನಿನಲ್ಲಿ ತರಾವೀಹ್‌ನಲ್ಲಿ ಪೂರ್ತಿ ಕೇಳುತ್ತೇವೆ, ಮುಂದಿನ ರಮಝಾನಿನಲ್ಲಿ ಮತ್ತೆ ಕೇಳುತ್ತೇವೆ. ಪ್ರತಿ ರಮಝಾನಿನಲ್ಲಿ ಜಿಬ್ರೀಲರು ಬಂದು ನಮ್ಮ ಪ್ರವಾದಿವರ್ಯರ ಜೊತೆ ಕುರ್‌ಆನನ್ನು ಪುನಃ ಓದಿ ನೋಡುತ್ತಿದ್ದರು, ಪ್ರವಾದಿವರ್ಯರ ಬದುಕಿನ ಕೊನೆಯ ವರ್ಷ ಹೀಗೆ ಎರಡು ಸಲ ಆಯಿತು ಎಂಬುದು ಸಹೀಹ್ ಬುಖಾರಿಯಲ್ಲಿ ಬಂದಿದೆ. ಯಾರ ಮೇಲೆ ಗ್ರಂಥ ಇಳಿಯಿತೋ ಅವರೇ ಅದನ್ನು ವರ್ಷ ವರ್ಷ ಮರಳಿ ಓದಿದರು.

ಅಲ್ಲಾಹನ ಕಲಾಮಿಗೆ ಮನುಷ್ಯರು ಬರೆದ ಯಾವ ಪುಸ್ತಕವೂ ಸಮವಲ್ಲ. ಕುರ್‌ಆನ್ ಓದುವುದು ಇಬಾದತ್. ಆ ಎರಡನ್ನೂ ನಾವು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಮರಳಿ ಓದುವ ಅಭ್ಯಾಸ ನಮ್ಮ ಮನೆಗಳಿಗೆ ಹೊಸದಲ್ಲ, ಅದನ್ನು ಕಾಲಹರಣ ಎನ್ನುವವರು ನಾವಾಗಬಾರದು ಎಂಬುದಷ್ಟೇ ಆ ಹಿರಿಯರ ಮಾತಿನ ಅರ್ಥ.

ನೆರೆಯವರಲ್ಲೂ ಹೀಗೇ ಇದೆ. ಶ್ರಾವಣ ಬಂದರೆ ನಮ್ಮ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ಗುಡಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರೆಲ್ಲ ಕೂತು ಕೇಳುತ್ತದೆ. ಹೋದ ವರ್ಷ ಕೇಳಿದ ಕಥೆಯೇ ಆದರೂ ಯಾರೂ ಎದ್ದು ಹೋಗುವುದಿಲ್ಲ. ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಅಜ್ಜಿಯಂದಿರು ನಿನ್ನೆ ಹಾಡಿದ್ದು ಇವತ್ತು ಬೇಡ ಎನ್ನಲಿಲ್ಲ. ಹಾಗೆ ಮತ್ತೆ ಮತ್ತೆ ಹಾಡಿದ್ದರಿಂದಲೇ ಆ ಹಾಡುಗಳು ಉಳಿದವು. ಈ ಜಿಲ್ಲೆಯ ಹಲಸಂಗಿಯ ಗೆಳೆಯರು ಅವನ್ನು ಕೇಳಿ ಬರೆದುಕೊಂಡರು, 1931ರಲ್ಲಿ ‘ಗರತಿಯ ಹಾಡು’ ಪುಸ್ತಕವಾಗಿ ಬಂತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಅವರ ಜೊತೆ ಆ ಗೆಳೆಯರ ಬಳಗದಲ್ಲಿ ಧೂಲಾಸಾಹೇಬರೂ ಇದ್ದರು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಪಕ್ಕದ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರು ಶಾಲೆ ಕಲಿತದ್ದು ಅಲ್ಪ. ವಚನ, ತತ್ವಪದ, ಕುರ್‌ಆನ್ ಮೂರನ್ನೂ ಮತ್ತೆ ಮತ್ತೆ ಮನನ ಮಾಡಿಕೊಂಡು ನಾಡೆಲ್ಲ ಪ್ರವಚನ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮ ಪರಂಪರೆಯ ದೊಡ್ಡ ವಿದ್ವಾಂಸರ ಒಂದು ಸಂಗತಿಯನ್ನು ಮಕ್ಕಳಿಗಾಗಿ ಹೇಳುತ್ತೇವೆ. ಇಬ್ನ್ ಸೀನಾ ಸಾವಿರ ವರ್ಷದ ಹಿಂದಿನ ವೈದ್ಯರು, ತತ್ವಜ್ಞಾನಿ. ತಮ್ಮ ಆತ್ಮಕಥನದಲ್ಲಿ ಅವರೇ ಹೇಳಿಕೊಂಡಿದ್ದಾರೆ: ಹುಡುಗನಾಗಿದ್ದಾಗ ಅರಿಸ್ಟಾಟಲನ ತತ್ವಶಾಸ್ತ್ರದ ಒಂದು ಗ್ರಂಥವನ್ನು 40 ಸಲ ಓದಿದರಂತೆ. ಬಾಯಿಪಾಠವೇ ಆಯಿತು, ಆದರೂ ಅರ್ಥವಾಗಲಿಲ್ಲ. ಇದು ತಿಳಿಯುವ ಪುಸ್ತಕವೇ ಅಲ್ಲ ಎಂದು ಕೈಬಿಟ್ಟರು. ಒಂದು ದಿನ ಬುಖಾರಾದ ಪುಸ್ತಕದ ಬಜಾರಿನಲ್ಲಿ ಒಬ್ಬ ವ್ಯಾಪಾರಿ ಒಂದು ಹೊತ್ತಿಗೆಯನ್ನು ಒತ್ತಾಯಿಸಿ ತೋರಿಸಿದ. ಬೇಡವೆಂದರೂ ಬಿಡಲಿಲ್ಲ, ಮಾಲೀಕನಿಗೆ ಹಣದ ಅಡಚಣೆ ಇದೆ, ಅಗ್ಗಕ್ಕೆ ಕೊಡುತ್ತೇನೆ ಎಂದ. 3 ದಿರ್ಹಮ್ ಕೊಟ್ಟು ಕೊಂಡರು. ಅದು ಅಲ್ ಫಾರಾಬಿಯವರು ಅದೇ ಗ್ರಂಥದ ಉದ್ದೇಶವನ್ನು ವಿವರಿಸಿ ಬರೆದ ಪುಸ್ತಕ. ಮನೆಗೆ ಹೋಗಿ ಓದಿದ್ದೇ ತಡ, 40 ಸಲ ಓದಿ ಮನಸ್ಸಿನಲ್ಲಿ ಕೂತಿದ್ದೆಲ್ಲ ಒಮ್ಮೆಲೇ ಬಿಚ್ಚಿಕೊಂಡಿತು. ಆ ಸಂತೋಷಕ್ಕೆ ಮರುದಿನ ಬಡವರಿಗೆ ಸದಕಾ ಕೊಟ್ಟರು.

ಈ ಪ್ರಸಂಗದಲ್ಲಿ ಮಕ್ಕಳಿಗೂ ದಾನಿಗಳಿಗೂ ಒಂದೊಂದು ಪಾಠ ಇದೆ. ಅರ್ಥವಾಗಲಿಲ್ಲ ಎಂದು ನಾಚಬೇಕಾಗಿಲ್ಲ, ಇಬ್ನ್ ಸೀನಾರಿಗೇ ಅರ್ಥವಾಗಿರಲಿಲ್ಲ. ಬರೀ ಮರಳಿ ಓದಿದರೂ ಸಾಲದು, ಕೈ ಹಿಡಿದು ವಿವರಿಸುವ ಗುರುವೋ ಇನ್ನೊಂದು ಪುಸ್ತಕವೋ ಬೇಕು. ಹಾಗೆಂದು 40 ಸಲ ಓದದೆ ಇದ್ದಿದ್ದರೆ ಆ 3 ದಿರ್ಹಮಿನ ಪುಸ್ತಕದಿಂದಲೂ ಅಷ್ಟು ಬೆಳಕು ಬೀಳುತ್ತಿರಲಿಲ್ಲ.

ಇನ್ನು ನಮ್ಮ ಆಲಮಟ್ಟಿಗೇ ಬರೋಣ. ಇಲ್ಲಿಯ ಅಣೆಕಟ್ಟೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಜಲಾಶಯಕ್ಕೆ ಅವರದೇ ಹೆಸರಿದೆ. 2006ರ ಆಗಸ್ಟ್‌ನಲ್ಲಿ ಅದನ್ನು ರಾಷ್ಟ್ರಕ್ಕೆ ಅರ್ಪಿಸಲು ಬಂದವರು ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಸಾಹೇಬರು. ಅವರ ಬಗ್ಗೆ ನಮ್ಮ ಮಕ್ಕಳು ಭಾಷಣ ಸ್ಪರ್ಧೆಗಳಲ್ಲಿ ಬಹಳ ಮಾತಾಡುತ್ತಾರೆ. ಪೇಪರ್ ಹಂಚಿದ್ದು, ರಾಕೆಟ್ ಹಾರಿಸಿದ್ದು, ರಾಷ್ಟ್ರಪತಿಯಾದದ್ದು ಎಲ್ಲ ಹೇಳುತ್ತಾರೆ. ಅವರ ಒಂದು ಹಳೆಯ ಪುಸ್ತಕದ ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಲಾಂ ಸಾಹೇಬರು ವಿದ್ಯಾರ್ಥಿಯಾಗಿದ್ದಾಗ ಮದ್ರಾಸಿನ ಮೂರ್ ಮಾರ್ಕೆಟ್ಟಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ‘ಲೈಟ್ ಫ್ರಮ್ ಮೆನಿ ಲ್ಯಾಂಪ್ಸ್’ ಎಂಬ ಪುಸ್ತಕ ಕೊಂಡರು. ಹಲವು ದೀಪಗಳ ಬೆಳಕು ಎಂದು ಅದರ ಹೆಸರಿನ ಅರ್ಥ. ಲಿಲಿಯನ್ ಐಕ್ಲರ್ ವಾಟ್ಸನ್ ಎಂಬವರು ಅನೇಕರ ಬರಹಗಳನ್ನು ಕೂಡಿಸಿ ಮಾಡಿದ ಸಂಗ್ರಹ ಅದು. ಆ ಪುಸ್ತಕ 50 ವರ್ಷಕ್ಕೂ ಮೇಲೆ ತಮ್ಮ ಜೊತೆಗಾರನಾಗಿತ್ತು, ಓದಿ ಓದಿ ಸವೆದು ಹಲವು ಸಲ ಬೈಂಡ್ ಮಾಡಿಸಬೇಕಾಯಿತು ಎಂದು ಅವರೇ ಮಕ್ಕಳ ಮುಂದೆ ಹೇಳುತ್ತಿದ್ದರು. ತಿರುಕ್ಕುರಳ್ ಕೂಡ ಅವರು ಬಿಡದೆ ಓದುತ್ತಿದ್ದ ಪುಸ್ತಕ. ದುಃಖ ಬಂದಾಗಲೂ ಸಂತೋಷ ಬಂದಾಗಲೂ ಅವರು ಅದೇ ಹಳೆಯ ಪುಟಗಳಿಗೆ ಮರಳುತ್ತಿದ್ದರು.

ಗಮನಿಸಿ. ಅದು ಹೊಸ ಪುಸ್ತಕವಲ್ಲ, ಹಳೆ ಅಂಗಡಿಯದು. ದೊಡ್ಡ ಲೈಬ್ರರಿಯದೂ ಅಲ್ಲ, ಸ್ವಂತದ್ದು. ಅದನ್ನು ಅವರು ಏಪ್ರಿಲ್‌ನಲ್ಲಿ ಯಾರಿಗೂ ವಾಪಸು ಕೊಡಬೇಕಾಗಿರಲಿಲ್ಲ. ನಮ್ಮ ನಿಯಮ ಅಂದು ಅಲ್ಲಿ ಇದ್ದಿದ್ದರೆ ಆ ಪುಸ್ತಕ ಅವರ ಹತ್ತಿರ ಹತ್ತು ತಿಂಗಳಷ್ಟೇ ಇರುತ್ತಿತ್ತು.

ಮರಳಿ ಓದುವುದರಿಂದ ಏನು ಲಾಭ ಎಂದು ಪಾಲಕರು ಕೇಳುತ್ತಾರೆ. ಕೇಳಬೇಕಾದ ಮಾತೇ. ನಮಗೆ ತಿಳಿದಷ್ಟು ಹೇಳುತ್ತೇವೆ.

ನಮ್ಮ ಹೆಚ್ಚಿನ ಮನೆಗಳಲ್ಲಿ ಮಾತು ದಖನಿ, ಶಾಲೆಯಲ್ಲಿ ಓದು ಕನ್ನಡ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್. ಮೂರು ಭಾಷೆಯ ಹೊಳೆ ದಾಟಬೇಕಾದ ಮಗುವಿಗೆ ಶಬ್ದಗಳೇ ದೋಣಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸ್ಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು ಮೂರು ವರ್ಷದ ಮಕ್ಕಳಿಗೆ ಕಥೆ ಓದಿ ಹೇಳಿ ಒಂದು ಪರೀಕ್ಷೆ ಮಾಡಿದರು, 2011ರಲ್ಲಿ ಅದು ಪ್ರಕಟವಾಯಿತು. ಕೆಲವು ಮಕ್ಕಳಿಗೆ ಅದೇ ಕಥೆಗಳನ್ನು ಮತ್ತೆ ಮತ್ತೆ ಓದಿದರು, ಉಳಿದವರಿಗೆ ಬೇರೆ ಬೇರೆ ಕಥೆ ಓದಿದರು. ಹೊಸ ಶಬ್ದಗಳು ಎರಡೂ ಕಡೆ ಅಷ್ಟೇ ಸಲ ಬರುವಂತೆ ನೋಡಿಕೊಂಡರು. ಅದೇ ಕಥೆ ಮತ್ತೆ ಕೇಳಿದ ಮಕ್ಕಳೇ ಶಬ್ದಗಳನ್ನು ಚೆನ್ನಾಗಿ ಕಲಿತಿದ್ದರು. ಕಥೆ ಮೊದಲೇ ಗೊತ್ತಿದ್ದರೆ ಮುಂದೇನು ಎಂಬ ಆತುರ ಇರುವುದಿಲ್ಲ, ಮಗುವಿನ ಲಕ್ಷ್ಯ ಶಬ್ದದ ಕಡೆ ಹೋಗುತ್ತದೆ. ಆದ್ದರಿಂದ ನಿಮ್ಮ ಸಣ್ಣ ಮಗು “ಅಮ್ಮೀ, ಅದೇ ಕಥಿ ಹೇಳು” ಎಂದು ಹಟ ಹಿಡಿದರೆ ಬೇಸರ ಮಾಡಿಕೊಳ್ಳಬೇಡಿ. ಮಗು ಕಲಿಯುತ್ತಿದೆ.

ಹತ್ತನೇ ತರಗತಿ, ಪಿಯುಸಿ ಮಕ್ಕಳಿಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ಪರೀಕ್ಷೆಯ ಓದಿನಲ್ಲಿ ಬರೀ ಮರಳಿ ಮರಳಿ ಓದಿದರೆ ಸಾಲದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ಇದನ್ನು ನಮ್ಮ ಹಾಫಿಝ್ ಸಾಹೇಬರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಫ್ಝ್ ಮಾಡುವ ಹುಡುಗ ಹೊಸ ಸಬಕ್ ಓದುತ್ತಾನೆ, ನಂತರ ಮುಸ್‌ಹಫ್ ಮುಚ್ಚಿ ಉಸ್ತಾದರ ಮುಂದೆ ಒಪ್ಪಿಸುತ್ತಾನೆ. ಕಳೆದ ವಾರದ್ದನ್ನು ಒಪ್ಪಿಸುತ್ತಾನೆ, ಹಳೆಯ ಪಾರಾಗಳನ್ನು ಸರದಿಯ ಮೇಲೆ ಒಪ್ಪಿಸುತ್ತಲೇ ಇರುತ್ತಾನೆ. ಓದು, ಮುಚ್ಚು, ಒಪ್ಪಿಸು, ತಪ್ಪಿದಲ್ಲಿ ಮತ್ತೆ ತೆರೆ. ವಿಜ್ಞಾನದ ಪಾಠಕ್ಕೂ ಇತಿಹಾಸದ ಪಾಠಕ್ಕೂ ಇದೇ ದಾರಿ.

ಇಷ್ಟಪಟ್ಟ ಪುಸ್ತಕವನ್ನು ಮರಳಿ ಓದುವುದರ ಲಾಭ ಅಂಕಪಟ್ಟಿಯಲ್ಲಿ ಕಾಣುವಂಥದ್ದಲ್ಲ. ಅದು ನಮಗೆ ತಿಳಿದದ್ದು ಅದೇ ಹುಡುಗಿಯಿಂದ. ಆಕೆಯ ಎಸೆಸೆಲ್ಸಿ ಮುಗಿದ ಮೇಲೆ ನಾವು ಕಪಾಟಿನ ಬೀಗ ತೆಗೆದು ಆ ‘ಕರ್ವಾಲೊ’ವನ್ನೇ ಒಯ್ದು ಕೊಟ್ಟೆವು. ಇದನ್ನು ವಾಪಸು ಕೊಡುವುದು ಬೇಡ ಎಂದೆವು. ಆಕೆ ಏನೂ ಹೇಳಲಿಲ್ಲ, ಪುಸ್ತಕ ತೆಗೆದುಕೊಂಡು ಒಳಗೆ ಹೋದಳು. ಎರಡು ತಿಂಗಳ ನಂತರ ಪಿಯುಸಿ ಫೀಸಿನ ರಸೀದಿ ತಂದಾಗ ನಾವೇ ಕೇಳಿದೆವು, ನಾಲ್ಕನೇ ಸಲವೂ ಓದಿದೆಯಾ ಎಂದು.

“ಓದೀನಿ ಚಾಚಾ” ಎಂದಳು. “ಆವಾಗ ಹಾರುವ ಓತಿ ಸಿಗತದೋ ಇಲ್ಲೋ ಅಂತ ಓದಿದ್ದೆ. ಈಗ ಮಂದಣ್ಣನ ಸಲುವಾಗಿ ಓದಿದೆ. ಊರಾಗ ಎಲ್ಲಾರೂ ಅವನ್ನ ದಡ್ಡ ಅಂತಾರ. ಖರೇ ನೋಡಿದ್ರ ಅವಗ ಗೊತ್ತಿದ್ದದ್ದು ಯಾರಿಗೂ ಗೊತ್ತಿರಂಗಿಲ್ಲ. ನಮ್ಮ ಅಬ್ಬಾನೂ ಹಂಗ. ಶಾಲಿ ಕಲತಿಲ್ಲ, ಆದ್ರ ಗ್ವಾಡಿ ಅಳತಿ ಹೇಳಿದ್ರ ಸಾಕು, ಇಷ್ಟs ಇಟ್ಟಂಗಿ ಬೇಕು ಅಂತ ಬಾಯಿಲೇ ಲೆಕ್ಕಾ ಹೇಳ್ತಾರ.”

ಆಕೆಯ ತಂದೆ ಗೌಂಡಿ ಕೆಲಸ ಮಾಡುತ್ತಾರೆ. ವರ್ಷದಲ್ಲಿ ಎಂಟು ತಿಂಗಳು ಗೋವಾದಲ್ಲಿ ಇರುತ್ತಾರೆ. ಒಂಬತ್ತನೇ ತರಗತಿಯಲ್ಲಿ ಓದಿದಾಗ ಆ ಪುಸ್ತಕದಲ್ಲಿ ಆಕೆಗೆ ಒಂದು ಪ್ರಾಣಿಯ ಹುಡುಕಾಟ ಕಂಡಿತ್ತು. ಈಗ ತನ್ನ ತಂದೆ ಕಂಡರು. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ, ಓದುವ ಹುಡುಗಿ ಬೆಳೆದಿದ್ದಳು. ತಾನು ಎಷ್ಟು ಬೆಳೆದೆ ಎಂದು ಒಂದು ಮಗು ಅಳೆದು ನೋಡಿಕೊಳ್ಳಬೇಕಾದರೆ ಬದಲಾಗದೆ ನಿಂತ ಒಂದು ಗುರುತು ಬೇಕು. ಮನೆಯ ಬಾಗಿಲ ಚೌಕಟ್ಟಿಗೆ ಸೀಸದಕಡ್ಡಿಯಿಂದ ಗೆರೆ ಹಾಕಿ ಮಕ್ಕಳ ಎತ್ತರ ನೋಡುತ್ತೇವಲ್ಲ, ಹಾಗೆ.

ನಮ್ಮ ಭಾಗದಲ್ಲಿ ಆ ಚೌಕಟ್ಟೂ ಎಲ್ಲರಿಗೆ ಉಳಿದಿಲ್ಲ. ಈ ಸಭೆಯಲ್ಲಿ ಕೂತಿರುವ ಎಷ್ಟೋ ಕುಟುಂಬಗಳ ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿದೆ. 519.60 ಮೀಟರ್ ಎಂಬ ಅಂಕಿ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅಲ್ಲಿಯ ತನಕ ನೀರು ನಿಲ್ಲಿಸಿದಾಗ ಹೊಲ, ಮನೆ, ಗುಡಿ, ಮಸೀದಿ, ಕಬರಸ್ತಾನ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರು ನೀವು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆಗಳು ಕಾಣುತ್ತವೆ, ಕೆಲವರು ಹೋಗಿ ನಿಂತು ನೋಡಿ ಬರುತ್ತೀರಿ. ಮಳೆಗಾಲ ಬಂದರೆ ಅದೂ ಇಲ್ಲ. ಆ ನೀರಿನಿಂದ ಹೊಲಗಳು ಹಸಿರಾದವು, ಕರೆಂಟು ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಿರುಗಿ ಹೋಗಲು ಜಾಗ ಇಲ್ಲದಿರುವುದು ಏನೆಂದು ನಿಮಗೆ ಯಾರೂ ವಿವರಿಸಬೇಕಾಗಿಲ್ಲ.

ಮನೆ ಬಿಡುವಾಗ ಟ್ರಂಕಿನಲ್ಲಿ ಏನೇನು ತಂದಿರಿ ಎಂದು ನಾವು ಕೆಲವು ಹಿರಿಯರನ್ನು ಕೇಳಿದ್ದೇವೆ. ಎಲ್ಲರೂ ಮೊದಲು ಹೇಳುವುದು ಕುರ್‌ಆನ್ ಷರೀಫ್. ನಂತರ ಹೊಲದ ಉತಾರ, ರೇಷನ್ ಕಾರ್ಡು. ಒಬ್ಬರು ತಮ್ಮ ಏಳನೇ ತರಗತಿಯ ಕನ್ನಡ ಪುಸ್ತಕ ತಂದಿದ್ದರು. ಏಳನೆಯದಕ್ಕೇ ಶಾಲೆ ಬಿಟ್ಟವರು. ಅದರ ಪಾಠಗಳನ್ನು ಈಗಲೂ ಆಗಾಗ ಓದುತ್ತಾರೆ. ಆ ಪುಟ ತೆರೆದರೆ ಹಳೆಯ ಊರಿನ ಶಾಲೆಯ ಕಟ್ಟೆ, ಬೇವಿನ ಗಿಡ, ಮಾಸ್ತರರ ಧ್ವನಿ ಎಲ್ಲ ನೆನಪಾಗುತ್ತದೆ ಎನ್ನುತ್ತಾರೆ. ಊರು ಮುಳುಗಿದರೂ ಅವರಿಗೆ ಹಿಂದಿರುಗಲು ಒಂದು ಬಾಗಿಲು ಉಳಿದಿದೆ. ಇಂದು ತಂದೆ ತಾಯಿಯ ಜೊತೆ ಪುಣೆಗೋ ಗೋವಾಕ್ಕೋ ಹೋಗಿ ಬರುವ ಮಕ್ಕಳಿಗೂ ಕೈಚೀಲದಲ್ಲಿ ಇಡಬಹುದಾದ ಅಂಥ ಬಾಗಿಲು ಒಂದು ಪುಸ್ತಕವೇ.

ಈಗ ದಾನಿಗಳಿಗೆ ನೇರವಾದ ಮಾತು. ನಿಮ್ಮಲ್ಲಿ ಕೆಲವರು ಈಗಾಗಲೇ ಕೇಳಿದ್ದೀರಿ: “ಫೀಸಿಗೇ ಹಣ ಸಾಲುತ್ತಿಲ್ಲ, ಕಥೆ ಪುಸ್ತಕಕ್ಕೆ ಯಾಕೆ?” ಪ್ರಶ್ನೆ ನ್ಯಾಯವಾದದ್ದು. ಫೀಸು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಪುಸ್ತಕದ ಸಲುವಾಗಿ ಒಂದು ಮಗುವಿನ ಫೀಸೂ ನಿಲ್ಲುವುದಿಲ್ಲ. ಹೆಚ್ಚುವರಿ ಕಪಾಟು ಕೊಳ್ಳಬೇಕೆಂದು ತೆಗೆದಿಟ್ಟಿದ್ದ ಹಣವನ್ನೇ ಇದಕ್ಕೆ ತಿರುಗಿಸಿದ್ದೇವೆ. ಬೀಗ ಹಾಕಿಡಲು ಪುಸ್ತಕ ಇಲ್ಲದಿದ್ದರೆ ಕಪಾಟು ಬೇಕಾಗುವುದಿಲ್ಲ.

ಎರಡನೆಯದು ಝಕಾತಿನ ಮಾತು. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಮಝ್‌ಹಬಿನ ಪ್ರಕಾರ ಝಕಾತ್ ಸಲ್ಲಬೇಕಾದರೆ ತಮ್ಲೀಕ್ ಆಗಬೇಕು. ಅಂದರೆ ಕೊಟ್ಟದ್ದು ಹಕ್ಕುದಾರ ಬಡವರ ಸ್ವಂತ ಒಡೆತನಕ್ಕೆ ಹೋಗಬೇಕು. ಝಕಾತಿನ ಹಣದಿಂದ ಟ್ರಸ್ಟು ಕಟ್ಟಡ ಕಟ್ಟುವಂತಿಲ್ಲ, ತನ್ನ ಲೈಬ್ರರಿಗೆ ಪುಸ್ತಕ ಕೊಂಡು ಎರವಲು ಕೊಡುವಂತಿಲ್ಲ. ಇದೇ ಕಾರಣಕ್ಕೆ ಪುಸ್ತಕ ಭಂಡಾರವನ್ನು ಇಷ್ಟು ವರ್ಷ ಸದಕಾ ಮತ್ತು ಇತರ ದೇಣಿಗೆಯಿಂದಲೇ ನಡೆಸಿದ್ದೇವೆ. ಆದರೆ ಹಕ್ಕುದಾರ ಕುಟುಂಬದ ಮಗುವಿಗೆ ಪುಸ್ತಕವನ್ನು ಸ್ವಂತಕ್ಕೇ ಕೊಟ್ಟುಬಿಟ್ಟರೆ ಅದು ಒಡೆತನ ಕೊಟ್ಟಂತೆ. ಇಷ್ಟು ದಿನ ಎರವಲು ಕೊಟ್ಟು ವಾಪಸು ಪಡೆಯುವುದೇ ಜಾಣತನ ಎಂದುಕೊಂಡಿದ್ದೆವು. ಕೊಟ್ಟ ಮೇಲೆ ನಮ್ಮದು ಎನ್ನಬಾರದು ಎಂಬ ಪಾಠ ಝಕಾತಿನ ನಿಯಮದಲ್ಲೇ ಇತ್ತು, ನಾವು ಗಮನಿಸಿರಲಿಲ್ಲ. ಆದರೂ ನಿಮ್ಮ ಝಕಾತನ್ನು ಫೀಸಿಗೆ ಮಾತ್ರ ಬಳಸಬೇಕೆಂದು ನೀವು ಬರೆದುಕೊಟ್ಟರೆ ಹಾಗೆಯೇ ಬಳಸುತ್ತೇವೆ. ಸಂಶಯವಿದ್ದವರು ತಮ್ಮ ಆಲಿಮ್ ಸಾಹೇಬರನ್ನು ಕೇಳಿಕೊಂಡು ತಿಳಿಸಬಹುದು.

ಹಾಗಾಗಿ ಈ ವರ್ಷದಿಂದ ಹೀಗೆ ಮಾಡಿದ್ದೇವೆ. ಗೈಡುಗಳು ಮೊದಲಿನಂತೆ ಎರವಲು, ಏಪ್ರಿಲ್‌ನಲ್ಲಿ ವಾಪಸು. ಅವು ನಿಜವಾಗಿಯೂ ಮುಂದಿನ ಮಗುವಿಗೆ ಬೇಕಾಗುತ್ತವೆ. ಅದರ ಜೊತೆಗೆ ವಿದ್ಯಾರ್ಥಿವೇತನ ಪಡೆಯುವ ಪ್ರತಿ ಮಗುವಿಗೆ ಒಂದು ಪುಸ್ತಕ ಶಾಶ್ವತವಾಗಿ ಸ್ವಂತಕ್ಕೆ. ಯಾವ ಪುಸ್ತಕ ಎಂದು ನಾವು ಹೇಳುವುದಿಲ್ಲ, ಮಗುವೇ ಆರಿಸಬೇಕು. ಮೊದಲು ಎರವಲು ಒಯ್ದು ಓದಿ, ಮತ್ತೊಮ್ಮೆ ಓದಬೇಕೆನಿಸಿದರೆ ಬಂದು ಹೇಳಿದರೆ ಸಾಕು. ಒಳಪುಟದಲ್ಲಿ ಟ್ರಸ್ಟಿನ ಮೊಹರು ಇರುವುದಿಲ್ಲ, ಮಗುವಿನ ಹೆಸರು ಇರುತ್ತದೆ.

ವಿದ್ಯಾರ್ಥಿವೇತನದ ಅರ್ಜಿ ನಮೂನೆಯಲ್ಲಿ ಈ ಸಲ ಒಂದು ಹೊಸ ಪ್ರಶ್ನೆ ಸೇರಿದೆ: “ನೀವು ಎರಡು ಸಲ ಓದಿದ ಪುಸ್ತಕ ಯಾವುದು? ಯಾಕೆ ಮತ್ತೆ ಓದಿದಿರಿ?” ಇದನ್ನು ನೋಡಿ ಕೆಲವು ಪಾಲಕರು ಗಾಬರಿಯಾಗಿದ್ದೀರಿ, ನಮಗೆ ಫೋನೂ ಬಂದಿವೆ. ಸ್ಪಷ್ಟವಾಗಿ ಹೇಳುತ್ತೇವೆ: ಈ ಪ್ರಶ್ನೆಗೆ ಅಂಕವಿಲ್ಲ. ಉತ್ತರ ಖಾಲಿ ಬಿಟ್ಟರೂ ಅರ್ಜಿ ತಿರಸ್ಕಾರವಾಗುವುದಿಲ್ಲ. ಇಂಗ್ಲಿಷ್ ಪುಸ್ತಕದ ಹೆಸರು ಬರೆದರೆ ಹೆಚ್ಚು, ಕನ್ನಡದ್ದು ಬರೆದರೆ ಕಡಿಮೆ ಎಂಬುದೂ ಇಲ್ಲ. ದಯವಿಟ್ಟು ಮಗುವಿನ ಪರವಾಗಿ ದೊಡ್ಡವರು ಬರೆಯಬೇಡಿ. ಯಾವ ಪುಸ್ತಕ ಕೊಡಬೇಕು ಎಂದು ನಮಗೆ ತಿಳಿಯಲಿ ಎಂದಷ್ಟೇ ಆ ಪ್ರಶ್ನೆ.

ಪಾಲಕರಲ್ಲಿ ಮೂರು ವಿನಂತಿ. ಮಗು ಓದಿದ್ದನ್ನೇ ಓದುತ್ತಿದ್ದರೆ ಬೈಯಬೇಡಿ. ಮನೆಯಲ್ಲಿ ಒಂದು ಗೂಡನ್ನೋ ಒಂದು ಹಲಗೆಯನ್ನೋ ಮಗುವಿನ ಪುಸ್ತಕಕ್ಕೆಂದು ಬಿಟ್ಟುಕೊಡಿ, ಅದನ್ನು ರದ್ದಿಗೆ ಹಾಕಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎಂದು ಹೆಸರಾಗಿರುವ ಜಾಗಕ್ಕೆ, ಮಗುವನ್ನು ಕಳಿಸಿ. 2020ರ ನವೆಂಬರ್‌ನಲ್ಲಿ ಸರ್ಕಾರ ಶುರು ಮಾಡಿದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಹೊಸ ಪುಸ್ತಕಗಳ ಪರಿಚಯ ಅಲ್ಲಿ ಆಗಲಿ, ಇಷ್ಟವಾದದ್ದು ಮನೆಯಲ್ಲಿ ಉಳಿಯಲಿ. ಓದು ಬಾರದ ತಾಯಂದಿರು ನಮಗೇನು ಗೊತ್ತು ಎನ್ನಬೇಡಿ. “ನೀ ಓದು, ನಾ ಕೇಳ್ತೀನಿ” ಎಂದು ರೊಟ್ಟಿ ಬಡಿಯುತ್ತ ಹೇಳಿದರೂ ಸಾಕು. ನಿನ್ನೆ ಓದಿದ ಪಾಠವನ್ನೇ ಇವತ್ತು ಮತ್ತೆ ಓದಿಸಿ ಕೇಳಿ.

ಮಕ್ಕಳೇ, ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದಾರೆ. ಆ ಮುಕ್ಕಾಲು ಒಂದೇ ಸಲಕ್ಕೆ ಬರುವುದಿಲ್ಲ. ಎಷ್ಟು ಪುಸ್ತಕ ಓದಿದೆ ಎಂದು ಎಣಿಸಿ ಹೇಳುವವರನ್ನು ನೋಡಿ ಕೀಳರಿಮೆ ಬೇಡ. ಒಂದೇ ಪುಸ್ತಕವನ್ನು ಎಂಟನೇ ತರಗತಿಯಲ್ಲಿ ಒಮ್ಮೆ, ಪಿಯುಸಿಯಲ್ಲಿ ಒಮ್ಮೆ, ನೌಕರಿ ಸಿಕ್ಕ ಮೇಲೆ ಒಮ್ಮೆ ಓದಿ. ಪ್ರತಿ ಸಲ ಕೊನೆಯ ಪುಟದಲ್ಲಿ ತಾರೀಖು ಬರೆದಿಡಿ. ನೌಕರಿ ಸಿಕ್ಕ ಮೇಲೆ ಆ ಪುಸ್ತಕವನ್ನು ನಮಗೆ ವಾಪಸು ಕೊಡಬೇಕಾಗಿಲ್ಲ. ಅಂಥದೇ ಇನ್ನೊಂದು ಪ್ರತಿ ಕೊಂಡು, ಇನ್ನೊಂದು ಮಗುವಿಗೆ, ಆ ಮಗುವಿನ ಹೆಸರು ಬರೆದು ಕೊಡಿ. ಇಬ್ನ್ ಸೀನಾ ಮರುದಿನ ಮಾಡಿದ್ದೂ ಅದೇ ಅಲ್ಲವೇ.

ಒಂದು ಪುಸ್ತಕವನ್ನು ಮಗುವಿನ ಕೈಯಿಂದ ಪಡೆದು ಕಪಾಟಿನಲ್ಲಿಟ್ಟ ತಪ್ಪು ನಮ್ಮದು. ಆ ಮಗು ನಮ್ಮನ್ನು ಕ್ಷಮಿಸಿದ್ದಾಳೆ ಎಂದುಕೊಂಡಿದ್ದೇವೆ. ಅಲ್ಲಾಹನು ನಮ್ಮ ತಪ್ಪುಗಳನ್ನು ಮನ್ನಿಸಲಿ, ದಾನಿಗಳ ಸಂಪತ್ತಿನಲ್ಲಿ ಬರಕತ್ ನೀಡಲಿ, ದೂರದ ಊರುಗಳಲ್ಲಿ ದುಡಿಯುತ್ತಿರುವ ತಂದೆಯರನ್ನು ಕ್ಷೇಮವಾಗಿ ಮನೆ ಮುಟ್ಟಿಸಲಿ, ನಮ್ಮ ಮಕ್ಕಳ ಇಲ್ಮ್ ಅನ್ನು ಹೆಚ್ಚಿಸಲಿ. ಆಮೀನ್.

ಅರ್ಜಿ ನಮೂನೆಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಪಕ್ಕದಲ್ಲೇ ಪುಸ್ತಕದ ಪೆಟ್ಟಿಗೆ ತೆರೆದಿಟ್ಟಿದ್ದೇವೆ. ಊಟ ಮುಗಿಸಿಕೊಂಡು ಹೋಗುವಾಗ ಮಕ್ಕಳನ್ನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಬಿಡಿ, ಬಸ್ಸಿಗೆ ಹೊತ್ತಾಯಿತು ಎಂದು ಎಳೆಯಬೇಡಿ.

ವಸ್ಸಲಾಮ್.